ಭರವಸೆ, ಏಕಾಗ್ರತೆ ಮತ್ತು ಕಾರ್ಯಸಿದ್ಧಿ

(ಮಧ್ವನವಮಿಯ ಪ್ರಯುಕ್ತ ಶಾಖಾಮಠದಲ್ಲಿ ನಡೆದ ಉಪನ್ಯಾಸದ ಬರಹರೂಪ)

॥ ಶ್ರೀಗುರುಭ್ಯೋ ನಮಃ ಹರಿಃ ಓಂ ॥



ಶ್ರೀಮದಾಚಾರ್ಯರು ಬದರಿಗೆ ತೆರಳಿದ ಈ ಪುಣ್ಯದಿನದಂದು ವಾಯುದೇವರ ಮೂರು ಅವತಾರಗಳನ್ನೂ ಸ್ಮರಿಸುವುದು ಸಂಪ್ರದಾಯ. ಮೊದಲನೆಯದಾದ ಹನುಮದವತಾರದ ಒಂದು ಪ್ರಸಂಗದಿಂದ ಇಂದಿನ ವಿಷಯವನ್ನು ಆರಂಭಿಸುವುದು ಉಚಿತವೆನಿಸುತ್ತದೆ.

ಪುಸ್ತಕದಂಗಡಿಗಳಲ್ಲಿ ಧನಾತ್ಮಕ ಚಿಂತನೆಯನ್ನೂ ನಾಯಕತ್ವವನ್ನೂ ಕುರಿತ ಗ್ರಂಥಗಳಿಗೆ ಕೊರತೆಯಿಲ್ಲ. ಕಚೇರಿಗಳಲ್ಲಿ ಇದೇ ವಿಷಯವಾಗಿ ಶಿಬಿರಗಳು ನಡೆಯುತ್ತವೆ. ‘ಆಗುತ್ತದೆ ಎಂದು ನಂಬಿದರೆ ಆಗಿಯೇ ತೀರುತ್ತದೆ’ ಎಂಬುದು ಅವುಗಳಲ್ಲಿ ಬಹಳಷ್ಟರ ಸಾರ. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅರ್ಧ ಸತ್ಯವನ್ನು ಪೂರ್ಣಸತ್ಯವೆಂದು ಹಿಡಿದವರು ಕಡೆಗೆ ನಿರಾಶರಾಗುತ್ತಾರೆ. ಅಥವಾ ತಮ್ಮ ಕೈಕೆಳಗಿನವರನ್ನೂ ಮಕ್ಕಳನ್ನೂ ನಿರಾಶರನ್ನಾಗಿಸುತ್ತಾರೆ. ಬರಿಯ ಆಸೆಯು ಯಾವಾಗ ಭರವಸೆಯಾಗುತ್ತದೆ? ಒಬ್ಬರ ಮೇಲೆ ಇನ್ನೊಬ್ಬರು ಇಡುವ ನಿರೀಕ್ಷೆ ಯಾವಾಗ ಬಲವಾಗುತ್ತದೆ, ಯಾವಾಗ ಹೊರೆಯಾಗುತ್ತದೆ? ಇದೇ ಇಂದು ವಿಚಾರ ಮಾಡಬೇಕಾದ ಪ್ರಶ್ನೆ.

ಸಮುದ್ರತೀರದ ಸಭೆ

ಸೀತಾನ್ವೇಷಣೆಗಾಗಿ ದಕ್ಷಿಣ ದಿಕ್ಕಿಗೆ ಹೊರಟ ಕಪಿಸೇನೆಯು ಸಮುದ್ರತೀರವನ್ನು ಸೇರಿದ ಸಂದರ್ಭ. ಸುಗ್ರೀವನು ಕೊಟ್ಟ ಅವಧಿ ಮೀರಿಹೋಗಿದೆ. ಸೀತಾದೇವಿಯು ಲಂಕೆಯಲ್ಲಿದ್ದಾಳೆಂಬ ಸಂಗತಿ ಸಂಪಾತಿಯಿಂದ ತಿಳಿದಿದೆ. ನಡುವೆ ಇರುವುದು ನೂರು ಯೋಜನಗಳ ಕಡಲು. ಆಗ ನಡೆದ ಸಭೆಯನ್ನು ಕಿಷ್ಕಿಂಧಾಕಾಂಡದ ಕೊನೆಯ ಭಾಗದಲ್ಲಿ ವಾಲ್ಮೀಕಿಗಳು ವಿವರವಾಗಿ ವರ್ಣಿಸಿದ್ದಾರೆ.

ಆ ಸಭೆಯಲ್ಲಿ ಮೊದಲು ನಡೆದದ್ದು ಘೋಷಣೆಯಲ್ಲ, ಲೆಕ್ಕ. ಪ್ರತಿಯೊಬ್ಬ ಕಪಿವೀರನೂ ತಾನು ಎಷ್ಟು ದೂರ ಹಾರಬಲ್ಲೆನೆಂಬುದನ್ನು ಸಭೆಯ ಮುಂದೆ ನಿವೇದಿಸಿದನು. ಗಜನು ಹತ್ತು ಯೋಜನ ಎಂದನು. ಗವಾಕ್ಷನು ಇಪ್ಪತ್ತು ಎಂದನು. ಹೀಗೆ ಏರುತ್ತ ಹೋಗಿ ವೃದ್ಧನಾದ ಜಾಂಬವಂತನು ತೊಂಬತ್ತು ಎಂದನು. ತಾನು ತರುಣನಾಗಿದ್ದಾಗ ತ್ರಿವಿಕ್ರಮನಿಗೆ ಪ್ರದಕ್ಷಿಣೆ ಬಂದವನೆಂದೂ ಈಗ ಮುಪ್ಪಿನಿಂದ ಬಲ ಕುಗ್ಗಿದೆಯೆಂದೂ ಸಂಕೋಚವಿಲ್ಲದೆ ಒಪ್ಪಿಕೊಂಡನು. ಯುವರಾಜನಾದ ಅಂಗದನು ನೂರು ಯೋಜನ ಹಾರಬಲ್ಲೆನೆಂದೂ ಮರಳಿ ಬರುವ ವಿಷಯದಲ್ಲಿ ಸಂಶಯವಿದೆಯೆಂದೂ ತಿಳಿಸಿದನು. ಯಾರೂ ತಮ್ಮ ಶಕ್ತಿಯನ್ನು ಹೆಚ್ಚಿಸಿ ಹೇಳಲಿಲ್ಲ. ಕಡಿಮೆ ಹೇಳಿದವನನ್ನು ಯಾರೂ ಹೀಯಾಳಿಸಲೂ ಇಲ್ಲ. ದೊಡ್ಡ ಕಾರ್ಯಕ್ಕೆ ಇಳಿಯುವ ಮುನ್ನ ಇರುವ ಸಾಧನಗಳನ್ನು ಪ್ರಾಮಾಣಿಕವಾಗಿ ಅಳೆದುಕೊಳ್ಳುವ ಈ ಕ್ರಮವನ್ನು ಇಂದಿನ ಯಾವ ಯೋಜನಾ ಕಚೇರಿಯೂ ಮಾದರಿಯಾಗಿ ಇಟ್ಟುಕೊಳ್ಳಬಹುದು.

ಅಂಗದನು ತಾನೇ ಹೋಗುವೆನೆಂದಾಗ ಜಾಂಬವಂತನು ತಡೆದನು. ಸೇನೆಗೆ ಒಡೆಯನಾದವನು ಕಾರ್ಯದ ಬೇರಿನಂತೆ. ಬೇರನ್ನು ಕಾಪಾಡಿಕೊಂಡರೆ ಮಾತ್ರ ಫಲಪುಷ್ಪಗಳು ಲಭಿಸುತ್ತವೆ ಎಂಬುದು ಅವನು ಕೊಟ್ಟ ಕಾರಣ. ಅನಂತರ ಅವನು ಏಕಾಂತದಲ್ಲಿ ಮೌನವಾಗಿ ಕುಳಿತಿದ್ದ ಹನುಮಂತನ ಕಡೆಗೆ ತಿರುಗಿದನು.

ಹನುಮಂತನು ತನ್ನ ಬಲವನ್ನು ಮರೆತಿದ್ದನು, ಜಾಂಬವಂತನು ನೆನಪಿಸಿದನು ಎಂದು ಲೋಕದಲ್ಲಿ ಹೇಳುವುದುಂಟು. ಮಧ್ವಸಂಪ್ರದಾಯವು ಇದನ್ನು ಒಪ್ಪುವುದಿಲ್ಲ. ಮುಖ್ಯಪ್ರಾಣನಿಗೆ ಅಜ್ಞಾನವಾಗಲಿ ಮರೆವಾಗಲಿ ಇಲ್ಲ. ಇತರರು ತಮ್ಮ ಅಳತೆಯನ್ನು ಹೇಳಿಕೊಳ್ಳುತ್ತಿದ್ದಾಗ ಅವನು ಸುಮ್ಮನಿದ್ದುದು ಮರೆವಿನಿಂದಲ್ಲ, ವಿನಯದಿಂದ. ಯೋಗ್ಯತೆಯುಳ್ಳವನು ತನ್ನನ್ನು ತಾನೇ ಮುಂದೆ ತಂದುಕೊಳ್ಳುವುದಿಲ್ಲ. ಅವನನ್ನು ಗುರುತಿಸಿ ಕರೆಯುವುದು ಹಿರಿಯನ ಕರ್ತವ್ಯ. ಜಾಂಬವಂತನು ಹನುಮಂತನಿಗೆ ಬಲವನ್ನು ಕೊಡಲಿಲ್ಲ. ಇದ್ದ ಬಲವನ್ನು ಸಭೆಗೆ ತಿಳಿಸಿದನು. ಮಗುವಾಗಿದ್ದಾಗ ಸೂರ್ಯನ ಕಡೆಗೆ ನೆಗೆದ ಸಂಗತಿಯನ್ನೂ ದೇವತೆಗಳಿಂದ ಪಡೆದ ವರಗಳನ್ನೂ ಎತ್ತಿ ಹೇಳಿದನು. ಅವನ ಭರವಸೆಗೆ ಆಧಾರವಿತ್ತು. ಹೊಗಳಿಕೆಗೂ ಭರವಸೆಗೂ ಇರುವ ಅಂತರ ಇದೇ.

ಈ ಪ್ರಸಂಗದಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಇನ್ನೊಂದು ಮಾತಿದೆ. ಹನುಮಂತನು ಹೊರಡಲು ಸಿದ್ಧನಾದಾಗ ಜಾಂಬವಂತನು, ನೀನು ಮರಳಿ ಬರುವವರೆಗೆ ನಾವೆಲ್ಲರೂ ಒಂಟಿಕಾಲಿನಲ್ಲಿ ನಿಂತಿರುತ್ತೇವೆ, ನಮ್ಮೆಲ್ಲರ ಪ್ರಾಣವೂ ನಿನ್ನಲ್ಲಿದೆ ಎಂಬ ಅರ್ಥದ ಮಾತನ್ನು ಆಡುತ್ತಾನೆ. ಕಾರ್ಯವನ್ನು ಒಬ್ಬನಿಗೆ ಒಪ್ಪಿಸಿ ಉಳಿದವರು ನೆರಳಿನಲ್ಲಿ ಮಲಗಲಿಲ್ಲ. ಹಾರುವವನ ಶ್ರಮದಲ್ಲಿ ಕಳುಹಿಸಿದವರೂ ಪಾಲು ತೆಗೆದುಕೊಂಡರು. ಅಳತೆ ತಿಳಿದು, ಯೋಗ್ಯನನ್ನು ಗುರುತಿಸಿ, ಹೊಣೆಯಲ್ಲಿ ತಾನೂ ಪಾಲುಗೊಂಡು ಇಡುವ ನಿರೀಕ್ಷೆಯೇ ನಿಜವಾದ ಭರವಸೆ. ಈ ಮೂರರಲ್ಲಿ ಯಾವುದೊಂದು ತಪ್ಪಿದರೂ ಅದು ಬರಿಯ ಹೊರೆಯಾಗುತ್ತದೆ.

ಏಕಾಗ್ರತೆಯ ಪರೀಕ್ಷೆಗಳು

ಭರವಸೆಯು ಕಾರ್ಯವನ್ನು ಆರಂಭಿಸುತ್ತದೆ. ಅದನ್ನು ದಡಕ್ಕೆ ಮುಟ್ಟಿಸುವುದು ಏಕಾಗ್ರತೆ. ಕಡಲ ಮೇಲೆ ಹನುಮಂತನಿಗೆ ಮೂರು ಅಡ್ಡಿಗಳು ಎದುರಾದವು. ಮೂರೂ ಬೇರೆ ಬೇರೆ ಬಗೆಯವು.

ಮೊದಲನೆಯದು ಮೈನಾಕ ಪರ್ವತ. ಅದು ಶತ್ರುವಲ್ಲ, ಮಿತ್ರ. ಸ್ವಲ್ಪ ವಿಶ್ರಾಂತಿ ಪಡೆದು ಹಣ್ಣುಹಂಪಲು ಸ್ವೀಕರಿಸಿ ಹೋಗೆಂದು ಪ್ರೀತಿಯಿಂದ ಕರೆಯಿತು. ಹನುಮಂತನು ಅದನ್ನು ಕೈಯಿಂದ ಸ್ಪರ್ಶಿಸಿ ಗೌರವಿಸಿ, ನಿಲ್ಲದೆ ಮುಂದೆ ಸಾಗಿದನು. ಎರಡನೆಯದು ಸುರಸೆ. ಅವಳು ದೇವತೆಗಳಿಂದಲೇ ಪರೀಕ್ಷೆಗಾಗಿ ಕಳುಹಿಸಲ್ಪಟ್ಟವಳು. ಅಲ್ಲಿ ಬಲಪ್ರದರ್ಶನದ ಅಗತ್ಯವಿರಲಿಲ್ಲ. ಚಿಕ್ಕ ರೂಪ ತಾಳಿ ಅವಳ ಬಾಯನ್ನು ಹೊಕ್ಕು ಹೊರಬಂದು, ಅವಳ ಮಾತನ್ನೂ ನಡೆಸಿ ತನ್ನ ದಾರಿಯನ್ನೂ ಬಿಡಿಸಿಕೊಂಡನು. ಮೂರನೆಯದು ನೆರಳನ್ನು ಹಿಡಿದೆಳೆಯುವ ಸಿಂಹಿಕೆ. ಅಲ್ಲಿ ಮಾತಿಗೆ ಅವಕಾಶವಿರಲಿಲ್ಲ, ಅವಳನ್ನು ಸಂಹರಿಸಬೇಕಾಯಿತು. ಮಿತ್ರನ ಉಪಚಾರ, ಪರೀಕ್ಷಕನ ಪ್ರಶ್ನೆ, ಶತ್ರುವಿನ ಹಿಡಿತ, ಮೂರಕ್ಕೂ ಒಂದೇ ಉತ್ತರವಿಲ್ಲ. ಏಕಾಗ್ರತೆಯೆಂದರೆ ಹಟವಲ್ಲ. ಗುರಿಯನ್ನು ಬಿಡದೆ, ಎದುರಾದುದಕ್ಕೆ ಎಷ್ಟು ಬೇಕೋ ಅಷ್ಟನ್ನೇ ಕೊಟ್ಟು ಮುಂದೆ ಸಾಗುವ ವಿವೇಕ. ಅನೇಕರ ಸಾಧನೆಗಳು ಸಿಂಹಿಕೆಯಿಂದಲ್ಲ, ಮೈನಾಕನ ಆತಿಥ್ಯದಿಂದಲೇ ನಿಂತುಹೋಗುತ್ತವೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಲಂಕೆಯಲ್ಲಿ ರಾತ್ರಿಯಿಡೀ ಹುಡುಕಿದರೂ ಸೀತಾದೇವಿಯು ಕಾಣದಿದ್ದಾಗ ಒಂದು ಕ್ಷಣ ಎಲ್ಲವೂ ವ್ಯರ್ಥವಾಯಿತೆಂಬ ಚಿಂತೆಯ ವರ್ಣನೆ ಬರುತ್ತದೆ. ಅಲ್ಲಿ ವಾಲ್ಮೀಕಿಗಳು ಎತ್ತಿಹಿಡಿಯುವ ಗುಣಕ್ಕೆ ‘ಅನಿರ್ವೇದ’ವೆಂದು ಹೆಸರು; ಎದೆಗುಂದದಿರುವುದು ಎಂದರ್ಥ. ಅದರ ಫಲವೇನು? ನೋಡಿದ ಸ್ಥಳಗಳನ್ನು ಬಿಟ್ಟು, ಇನ್ನೂ ನೋಡದೆ ಉಳಿದಿರುವ ಸ್ಥಳ ಯಾವುದೆಂದು ಯೋಚಿಸಿದಾಗ ಅಶೋಕವನವು ಕಣ್ಣಿಗೆ ಬಿದ್ದಿತು. ಧೈರ್ಯವು ಮನಸ್ಸಿನ ಉಬ್ಬರವಾಗಿ ನಿಲ್ಲದೆ ಮುಂದಿನ ಹೆಜ್ಜೆಯಾಗಿ ಪರಿಣಮಿಸಿತು.

ಅದೇ ಕಡಲು, ನಲವತ್ತಾರು ದಿನಗಳು

ಪುರಾಣಕಾಲದ ಮಾತು ಇಂದಿನವರಿಗೆ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರವನ್ನು ಶ್ರೀರಾಮನು ಸೇತುವೆ ಕಟ್ಟಿದ ಅದೇ ಕಡಲಿನಲ್ಲಿ ಹುಡುಕಬಹುದು.

ರಾಮೇಶ್ವರ ದ್ವೀಪವನ್ನು ಭೂಭಾಗಕ್ಕೆ ಜೋಡಿಸುವ ಪಾಂಬನ್ ರೈಲು ಸೇತುವೆಯು 1914ರಲ್ಲಿ ಸಂಚಾರಕ್ಕೆ ತೆರೆಯಿತು. ಸುಮಾರು ಎರಡು ಕಿಲೋಮೀಟರ್ ಉದ್ದದ ಈ ಸೇತುವೆಯ ನಡುವೆ ಹಡಗುಗಳಿಗೆ ದಾರಿ ಬಿಡಲು ಮೇಲಕ್ಕೆತ್ತುವ ಭಾಗವೊಂದಿತ್ತು. 1964ರ ಡಿಸೆಂಬರ್ 22ರ ರಾತ್ರಿ ಬೀಸಿದ ಭೀಕರ ಚಂಡಮಾರುತವು ಧನುಷ್ಕೋಡಿ ಪಟ್ಟಣವನ್ನು ನಾಶಮಾಡಿತು. ಪಾಂಬನ್‌ನಿಂದ ಧನುಷ್ಕೋಡಿಗೆ ಹೊರಟಿದ್ದ ಪ್ಯಾಸೆಂಜರ್ ರೈಲು ನೂರಕ್ಕೂ ಹೆಚ್ಚು ಜನರೊಡನೆ ಕಡಲ ಪಾಲಾಯಿತು. ಸೇತುವೆಯ 126 ಗರ್ಡರ್‌ಗಳು ಕೊಚ್ಚಿಹೋದವು. ಕಂಬಗಳು ಮಾತ್ರ ನಿಂತಿದ್ದವು; ಮೇಲಕ್ಕೆತ್ತುವ ಭಾಗವೂ ಉಳಿದುಕೊಂಡಿತ್ತು. ಯಾತ್ರಾಸ್ಥಳಕ್ಕೆ ರೈಲು ಸಂಪರ್ಕವೇ ಕಡಿದುಹೋಯಿತು.

ದುರಸ್ತಿಗೆ ಆರು ತಿಂಗಳು ಬೇಕೆಂದು ಇಲಾಖೆಯು ಅಂದಾಜು ಮಾಡಿತು. ದಕ್ಷಿಣ ರೈಲ್ವೆಯ ಅಂದಿನ ಮುಖ್ಯಸ್ಥರು ಆ ಅವಧಿಯನ್ನು ಮೂರು ತಿಂಗಳಿಗೆ ಇಳಿಸಿದರು. ಕೆಲಸವನ್ನು ವಹಿಸಿದ್ದು ಮೂವತ್ತೆರಡು ವರ್ಷದ ಎಕ್ಸಿಕ್ಯೂಟಿವ್ ಎಂಜಿನಿಯರ್ ಒಬ್ಬರಿಗೆ. ಮುಂದೆ ದೇಶವೇ ಬಲ್ಲ ಇ. ಶ್ರೀಧರನ್ ಅವರೇ ಆ ಯುವಕ. ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ 1932ರಲ್ಲಿ ಜನಿಸಿದ ಅವರು ಕಾಕಿನಾಡದಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡಿ ರೈಲ್ವೆ ಸೇವೆಗೆ ಸೇರಿದವರು.

ಹೊಸ ಗರ್ಡರ್‌ಗಳನ್ನು ಕಾರ್ಖಾನೆಯಲ್ಲಿ ಮಾಡಿಸಿ ತರಿಸುವುದೇ ಮುಖ್ಯ ಹೊತ್ತು ತಿನ್ನುವ ಕೆಲಸ. ಅವರ ಗಮನವು ಕಳೆದುಹೋದುದರ ಕಡೆಗಿಂತ ಉಳಿದಿರುವುದರ ಕಡೆಗೆ ಹರಿಯಿತು. ಕೊಚ್ಚಿಹೋದ ಗರ್ಡರ್‌ಗಳು ಕರಗಿಹೋಗಿಲ್ಲ, ಕಡಲ ತಳದಲ್ಲಿವೆ. ಅವು ಎಲ್ಲಿವೆಯೆಂಬುದನ್ನು ಕಚೇರಿಯ ಕಾಗದಪತ್ರಗಳಿಗಿಂತ ಸ್ಥಳೀಯ ಬೆಸ್ತರು ಚೆನ್ನಾಗಿ ಬಲ್ಲರು. ಅವರ ನೆರವಿನಿಂದ ಗರ್ಡರ್‌ಗಳನ್ನು ಹುಡುಕಿ, ಮೇಲೆತ್ತಿ, ಮತ್ತೆ ಕಂಬಗಳ ಮೇಲೆ ಕೂರಿಸಲಾಯಿತು. ಆರು ತಿಂಗಳ ಅಂದಾಜಿನ ಕೆಲಸ 46 ದಿನಗಳಲ್ಲಿ ಮುಗಿಯಿತು. ಶ್ರೀಧರನ್ ಅವರಿಗೆ ರೈಲ್ವೆ ಸಚಿವರ ಪ್ರಶಸ್ತಿ ದೊರೆಯಿತು.

ಇಲ್ಲಿಯೂ ಅದೇ ಮೂರು ಅಂಶಗಳಿವೆ. ಮೇಲಧಿಕಾರಿಯು ಕಿರಿಯನೊಬ್ಬನ ಯೋಗ್ಯತೆಯನ್ನು ಗುರುತಿಸಿ ದೊಡ್ಡ ನಿರೀಕ್ಷೆಯನ್ನಿಟ್ಟರು. ಕಿರಿಯನು ಗುರಿಯನ್ನು ಮಾತ್ರ ನೋಡಿದನು. ಸಹಾಯವು ಬಡ ಬೆಸ್ತನಿಂದ ಬಂದರೂ ಗೌರವದಿಂದ ಸ್ವೀಕರಿಸಿದನು. ನಿಂತಿದ್ದ ಕಂಬಗಳು ಎಷ್ಟು, ಬಿದ್ದ ಗರ್ಡರ್‌ಗಳು ಎಷ್ಟು ಎಂಬ ಲೆಕ್ಕ ಕೈಯಲ್ಲಿತ್ತು. ಕಂಬಗಳೇ ಕುಸಿದಿದ್ದರೆ ಯಾವ ಧನಾತ್ಮಕ ಚಿಂತನೆಯೂ ಅವನ್ನು 46 ದಿನಗಳಲ್ಲಿ ಎಬ್ಬಿಸುತ್ತಿರಲಿಲ್ಲ. ಧನುಷ್ಕೋಡಿಯ ಮಾರ್ಗವನ್ನು ಮತ್ತೆ ಕಟ್ಟುವ ಸಾಹಸಕ್ಕೆ ರೈಲ್ವೆಯು ಆಗ ಕೈ ಹಾಕಲಿಲ್ಲವೆಂಬುದೂ ನೆನಪಿಡಬೇಕಾದ ಸಂಗತಿ. ಆ ಹಳೆಯ ಸೇತುವೆ 2022ರ ಡಿಸೆಂಬರ್‌ವರೆಗೆ ರೈಲುಗಳನ್ನು ದಾಟಿಸಿತು. ಅದರ ಪಕ್ಕದಲ್ಲಿ ಕಟ್ಟಿದ ಹೊಸ ಸೇತುವೆಯು 2025ರ ಏಪ್ರಿಲ್ 6ರಂದು, ಶ್ರೀರಾಮನವಮಿಯ ದಿನವೇ ಲೋಕಾರ್ಪಣೆಗೊಂಡಿತು.

ಉಡುಪಿಗೆ ಬಂದ ರೈಲು

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಮಾಧ್ವ ಕುಟುಂಬಗಳಿಗೆ ಶ್ರೀಧರನ್ ಅವರ ಇನ್ನೊಂದು ಕಾರ್ಯ ಹೆಚ್ಚು ಹತ್ತಿರದ್ದು. ಮುಂಬಯಿಯಿಂದ ಉಡುಪಿಗೆ ಕರಾವಳಿಯ ನೇರ ದಾರಿಯಿದ್ದರೂ ಆ ದಾರಿಯಲ್ಲಿ ಬಹುಕಾಲ ರೈಲು ಇರಲಿಲ್ಲ. ಬಸ್ಸಿನಲ್ಲಿ ಘಟ್ಟಗಳನ್ನು ಹತ್ತಿ ಇಳಿಯಬೇಕು, ಇಲ್ಲವೇ ದೂರದ ಸುತ್ತುದಾರಿಯಲ್ಲಿ ಮಂಗಳೂರನ್ನು ಸೇರಿ ಅಲ್ಲಿಂದ ಹಿಂದಕ್ಕೆ ಬರಬೇಕು. ವಯಸ್ಸಾದ ತಾಯಿತಂದೆಯರಿಗೆ ಕೃಷ್ಣದರ್ಶನ ಮಾಡಿಸಬೇಕೆಂಬ ಎಷ್ಟೋ ಮನೆಗಳ ಬಯಕೆ ಪ್ರಯಾಣದ ಕಷ್ಟದಿಂದಲೇ ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಹೋಗುತ್ತಿತ್ತು.

1990ರ ಜುಲೈಯಲ್ಲಿ ಕೊಂಕಣ ರೈಲ್ವೆ ಕಾರ್ಪೊರೇಷನ್ ಸ್ಥಾಪನೆಯಾಯಿತು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅವರು ಆಗ ರೈಲ್ವೆ ಸಚಿವರು. ಕೊಂಕಣದ ಪ್ರತಿನಿಧಿಯಾದ ಮಧು ದಂಡವತೆಯವರು ಹಣಕಾಸು ಸಚಿವರು. ರೈಲ್ವೆಯ ಜೊತೆಗೆ ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ ರಾಜ್ಯಗಳು ಪಾಲುದಾರರಾದವು. ಉಳಿದ ಹಣದ ಬಹುಭಾಗವನ್ನು ಬಾಂಡ್‌ಗಳ ಮೂಲಕ ಸಾಲವಾಗಿ ಎತ್ತಲಾಯಿತು. ರೈಲ್ವೆಯಿಂದ ಆಗತಾನೆ ನಿವೃತ್ತರಾಗಿದ್ದ ಶ್ರೀಧರನ್ ಅವರನ್ನು ಮುಖ್ಯಸ್ಥರನ್ನಾಗಿ ಕರೆಯಲಾಯಿತು. ರೋಹಾದಿಂದ ಮಂಗಳೂರಿನ ತನಕ ಸುಮಾರು 740 ಕಿಲೋಮೀಟರ್ ಮಾರ್ಗ. ತೊಂಬತ್ತಕ್ಕೂ ಹೆಚ್ಚು ಸುರಂಗಗಳು. ದೊಡ್ಡದು ಚಿಕ್ಕದು ಸೇರಿ ಸುಮಾರು ಎರಡು ಸಾವಿರ ಸೇತುವೆಗಳು. ರತ್ನಾಗಿರಿಯ ಸಮೀಪದ ಕರಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್ ಉದ್ದ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಸೇತುವೆ ಎರಡು ಕಿಲೋಮೀಟರ್‌ಗೂ ಹೆಚ್ಚು. ರತ್ನಾಗಿರಿಯ ಬಳಿಯ ಪಾನ್ವಲ್ ಸೇತುವೆ 64 ಮೀಟರ್ ಎತ್ತರ. ನಲವತ್ತು ಸಾವಿರಕ್ಕೂ ಹೆಚ್ಚು ಭೂಮಾಲೀಕರೊಡನೆ ಮಾತುಕತೆ ನಡೆಸಿ ಜಾಗವನ್ನು ಪಡೆಯಬೇಕಾಯಿತು.

ಈ ಕಾರ್ಯದಲ್ಲಿ ಅವರು ಬಳಸಿದ ಸಾಧನಗಳಲ್ಲೊಂದು ಕಚೇರಿಗಳಲ್ಲಿ ತೂಗುಹಾಕಿದ ‘ರಿವರ್ಸ್ ಕ್ಲಾಕ್’. ಗುರಿಯ ದಿನಕ್ಕೆ ಇನ್ನೆಷ್ಟು ದಿನಗಳು ಉಳಿದಿವೆಯೆಂಬುದನ್ನು ಅದು ಎಲ್ಲರ ಕಣ್ಣಿಗೂ ತೋರುತ್ತಿತ್ತು. ಎಂಜಿನಿಯರನಿಗೂ ಗುಮಾಸ್ತನಿಗೂ ಒಂದೇ ಅಂಕಿ. ಪರದೇಶದ ಹೊಸ ವಿದ್ಯೆಯೆಂದು ಇದನ್ನು ಕೊಂಡಾಡುವವರು ಉಡುಪಿಯ ಪರ್ಯಾಯವನ್ನು ಒಮ್ಮೆ ನೆನೆಯಬೇಕು. ಶ್ರೀವಾದಿರಾಜರು ಎರಡು ತಿಂಗಳ ಸರದಿಯನ್ನು ಎರಡು ವರ್ಷಗಳಿಗೆ ವಿಸ್ತರಿಸಿದ ಕಾಲದಿಂದಲೂ ನಡೆದುಬಂದಿರುವ ವ್ಯವಸ್ಥೆಯದು. ಎರಡು ವರ್ಷಗಳಿಗೊಮ್ಮೆ ಜನವರಿ 18ರ ಬೆಳಗಿನ ಜಾವ ಪೂಜಾಧಿಕಾರವು ಒಂದು ಮಠದಿಂದ ಇನ್ನೊಂದು ಮಠಕ್ಕೆ ಹಸ್ತಾಂತರವಾಗಬೇಕು. ಆ ದಿನವು ಮುಂದಕ್ಕೆ ಹೋಗುವಂತಿಲ್ಲ. ಅದಕ್ಕಾಗಿ ಬಾಳೆಮುಹೂರ್ತ, ಅಕ್ಕಿಮುಹೂರ್ತ, ಕಟ್ಟಿಗೆಮುಹೂರ್ತ, ಭತ್ತಮುಹೂರ್ತಗಳೆಂದು ಬಹಳ ಮೊದಲೇ ಹೆಜ್ಜೆಹೆಜ್ಜೆಯಾಗಿ ಸಿದ್ಧತೆ ನಡೆಯುತ್ತದೆ. ಬಾಳೆ ಬೆಳೆಯಲು ಕಾಲ ಬೇಕು, ಆದ್ದರಿಂದ ಬಾಳೆ ಮೊದಲು. ಕಟ್ಟಿಗೆ ಒಣಗಲು ಮಳೆಗಾಲ ಕಳೆಯಬೇಕು, ಆದ್ದರಿಂದ ಅದನ್ನು ರಥದಾಕಾರದಲ್ಲಿ ಒಟ್ಟಿಡುತ್ತಾರೆ. ಸಾವಿರಾರು ಜನರಿಗೆ ನಿತ್ಯ ಅನ್ನಸಂತರ್ಪಣೆಯು ನಡೆಯುತ್ತದೆಂಬ ದೃಢವಾದ ಭರವಸೆ ಆ ಸಿದ್ಧತೆಯ ಹಿಂದಿದೆ. ಕೃಷ್ಣನು ನಡೆಸುತ್ತಾನೆಂದು ಯಾರೂ ಕಟ್ಟಿಗೆ ಒಟ್ಟದೆ ಕುಳಿತುಕೊಳ್ಳುವುದಿಲ್ಲ.

ಗಡಿಯಾರ ತೂಗುಹಾಕಿದ ಮಾತ್ರಕ್ಕೆ ಬೆಟ್ಟ ಕರಗಲಿಲ್ಲ. ಮೊದಲು ಇಟ್ಟುಕೊಂಡ ಗುರಿ ಐದು ವರ್ಷ. ಗೋವೆಯಲ್ಲಿ ಮಾರ್ಗದ ಬಗೆಗೆ ವಿರೋಧವೆದ್ದಿತು. ಗಟ್ಟಿಬಂಡೆಯನ್ನು ಕೊರೆಯುವುದು ಸುಲಭವಾಯಿತು. ಮೆತ್ತನೆಯ ಜೇಡಿಮಣ್ಣಿನ ಸುರಂಗಗಳು ಕೊರೆದಂತೆಲ್ಲ ಕುಸಿದವು. ಗೋವೆಯ ಪೆರ್ನೆಂ ಸುರಂಗವು ಕೊನೆಯವರೆಗೂ ಕಾಡಿತು. ಮಾರ್ಗವು ಪೂರ್ಣವಾಗಿ ತೆರೆದದ್ದು 1998ರ ಜನವರಿ 26ರಂದು. ಅಷ್ಟರಲ್ಲಿ ಅನೇಕ ಕಾರ್ಮಿಕರು ಪ್ರಾಣ ತೆತ್ತಿದ್ದರು. ರತ್ನಾಗಿರಿಯಲ್ಲಿ ಅವರ ನೆನಪಿಗಾಗಿ ಸ್ಮಾರಕವೊಂದಿದೆ. ಕರಾವಳಿಯ ಹಸಿರನ್ನು ಕಿಟಕಿಯಿಂದ ಸವಿಯುತ್ತ ಉಡುಪಿಗೆ ಹೋಗುವ ಪ್ರತಿಯೊಂದು ಕುಟುಂಬವೂ ಸುರಂಗದ ಕತ್ತಲೆಯಲ್ಲಿ ಒಂದು ಕ್ಷಣ ಅವರನ್ನು ಸ್ಮರಿಸುವುದು ಧರ್ಮ. ನಾಯಕನ ನಿರೀಕ್ಷೆಯ ಬೆಲೆಯನ್ನು ಅನೇಕ ಸಂದರ್ಭಗಳಲ್ಲಿ ಹೆಸರಿಲ್ಲದವರು ತೆರುತ್ತಾರೆ. ಇದನ್ನು ಹೇಳದೆ ಯಶಸ್ಸಿನ ಕಥೆಯನ್ನು ಮಾತ್ರ ಹೇಳುವುದು ಸತ್ಯಕ್ಕೆ ಅಪಚಾರ.

ಭರವಸೆಯ ಜೊತೆಗೆ ಹೊಣೆ

ಮಾರ್ಗ ತೆರೆದ ಮೇಲೆಯೂ ಪಾಠ ಮುಗಿಯಲಿಲ್ಲ. 2003ರ ಜೂನ್ 22ರ ರಾತ್ರಿ ವೈಭವವಾಡಿಯ ಸಮೀಪ ಕುಸಿದುಬಿದ್ದ ಗುಡ್ಡಕ್ಕೆ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ವಿಶೇಷ ರೈಲು ಸಿಲುಕಿ ಐವತ್ತಕ್ಕೂ ಹೆಚ್ಚು ಜನರು ಮೃತರಾದರು. ಮುಂದಿನ ವರ್ಷದ ಜೂನ್ ತಿಂಗಳಿನಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹಳಿಯ ಮೇಲಿನ ಬಂಡೆಗಳಿಂದಾಗಿ ಅಪಘಾತಕ್ಕೀಡಾಯಿತು. ಮಳೆಗೆ ಯಾರ ಭರವಸೆಯ ಹಂಗೂ ಇಲ್ಲ. ಆ ಮೇಲೆ ಗುಡ್ಡದ ಇಳಿಜಾರುಗಳಿಗೆ ಬಲೆಗಳನ್ನು ಬಿಗಿಯುವ, ಕಡಿದಾದ ಕೊರಕಲುಗಳನ್ನು ಅಗಲಗೊಳಿಸುವ ಕೆಲಸಗಳು ನಡೆದವು. ಮಳೆಗಾಲಕ್ಕೆಂದೇ ವೇಗ ತಗ್ಗಿಸಿದ ಬೇರೆ ವೇಳಾಪಟ್ಟಿ ಪ್ರತಿವರ್ಷವೂ ಜಾರಿಗೆ ಬರುತ್ತದೆ. ಸುರಿಯುವ ಮಳೆಯಲ್ಲಿ, ನಡುರಾತ್ರಿಯಲ್ಲಿ, ದೀಪ ಹಿಡಿದು ಹಳಿಯುದ್ದಕ್ಕೂ ನಡೆಯುವ ಗಸ್ತಿನವನು ಇದ್ದಾನೆ. ಮಲಗಿ ನಿದ್ರಿಸುವ ಪ್ರಯಾಣಿಕನ ಭರವಸೆಗೆ ಆಧಾರವಾಗಿರುವುದು ಅವನ ಏಕಾಗ್ರತೆ. ಅವನ ಹೆಸರು ಯಾವ ನಾಯಕತ್ವದ ಪುಸ್ತಕದಲ್ಲಿಯೂ ಬರುವುದಿಲ್ಲ. ಬಿದ್ದಿರುವ ಒಂದು ಕಲ್ಲನ್ನು ಕಂಡು ರೈಲನ್ನು ನಿಲ್ಲಿಸುವ ಆ ಕ್ಷಣದಲ್ಲಿ ಸಾವಿರ ಜನರಿಗೆ ನಾಯಕನು ಅವನೇ.

ಶ್ರೀಧರನ್ ಅವರು ಮುಂದೆ ದೆಹಲಿ ಮೆಟ್ರೋವನ್ನು ಕಟ್ಟಿ ಕೀರ್ತಿ ಪಡೆದರು. 2001ರಲ್ಲಿ ಪದ್ಮಶ್ರೀ, 2008ರಲ್ಲಿ ಪದ್ಮವಿಭೂಷಣ ಗೌರವಗಳು ಬಂದವು. ಆ ಕೀರ್ತಿಯ ಶಿಖರದಲ್ಲಿರುವಾಗ, 2009ರ ಜುಲೈ 12ರಂದು, ದೆಹಲಿಯ ಜಮ್ರೂದ್‌ಪುರದಲ್ಲಿ ಕಟ್ಟುತ್ತಿದ್ದ ಮೇಲುಮಾರ್ಗದ ಭಾಗವು ಕುಸಿದು ಆರು ಜನರು ಮೃತರಾದರು. ಅದೇ ದಿನ ಅವರು ನೈತಿಕ ಹೊಣೆಯನ್ನು ಹೊತ್ತು ರಾಜೀನಾಮೆ ಸಲ್ಲಿಸಿದರು. ಸರ್ಕಾರವು ಅದನ್ನು ಸ್ವೀಕರಿಸಲಿಲ್ಲ. ಅವರು ಕೆಲಸಕ್ಕೆ ಮರಳಿದರು. ಅವಧಿಗೆ ಮುನ್ನ ಮುಗಿದ ಕಾಮಗಾರಿಗಳಿಗಿಂತ ಈ ಒಂದು ದಿನವು ನಾಯಕತ್ವದ ವಿಷಯವಾಗಿ ಹೆಚ್ಚು ಹೇಳುತ್ತದೆ. ಗೆದ್ದಾಗ ಮುಂದೆ ನಿಂತು ಸೋತಾಗ ಕೈಕೆಳಗಿನವರನ್ನು ಮುಂದೆ ತಳ್ಳುವವನ ನಿರೀಕ್ಷೆಗೆ ಯಾರೂ ಎರಡನೆಯ ಸಲ ಓಗೊಡುವುದಿಲ್ಲ. ಜಾಂಬವಂತನು ಹೇಳಿದ ಒಂಟಿಕಾಲಿನ ನಿಲುವು ಇದೇ.

ಮನೆಯೊಳಗಿನ ನಾಯಕತ್ವ

ಎಲ್ಲರೂ ಸೇತುವೆ ಕಟ್ಟುವುದಿಲ್ಲ. ಆದರೆ ಪ್ರತಿಯೊಂದು ಮನೆಯಲ್ಲಿಯೂ ನಿರೀಕ್ಷೆಗಳಿವೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ರೋಸೆಂಥಾಲ್ ಮತ್ತು ಶಾಲಾ ಮುಖ್ಯೋಪಾಧ್ಯಾಯಿನಿ ಲೆನೋರ್ ಜೇಕಬ್‌ಸನ್ ಅವರು ನಡೆಸಿ 1968ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ಒಂದು ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಸುಮಾರು ಐದರಲ್ಲಿ ಒಂದು ಭಾಗವನ್ನು ಚೀಟಿ ಎತ್ತಿದಂತೆ ಆರಿಸಿ, ಈ ಮಕ್ಕಳು ಈ ವರ್ಷ ವಿಶೇಷವಾಗಿ ಬೆಳಗಲಿದ್ದಾರೆಂದು ಉಪಾಧ್ಯಾಯರಿಗೆ ತಿಳಿಸಲಾಯಿತು. ವರ್ಷದ ಕೊನೆಗೆ, ಮುಖ್ಯವಾಗಿ ಒಂದನೆಯ ಮತ್ತು ಎರಡನೆಯ ತರಗತಿಗಳಲ್ಲಿ, ಆ ಮಕ್ಕಳು ಉಳಿದವರಿಗಿಂತ ಹೆಚ್ಚು ಮುಂದುವರಿದಿದ್ದರು. ಪರಿಣಾಮವು ಅಷ್ಟು ದೊಡ್ಡದಲ್ಲವೆಂದು ಆಮೇಲೆ ವಿದ್ವಾಂಸರು ವಾದಿಸಿದ್ದುಂಟು. ಆದರೂ ಒಂದು ಅಂಶ ಉಳಿಯಿತು. ಮಕ್ಕಳಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಬದಲಾದದ್ದು ಉಪಾಧ್ಯಾಯರ ನಡೆ. ಭರವಸೆಯಿಟ್ಟ ಮಗುವಿನೊಡನೆ ಹೆಚ್ಚು ಅಕ್ಕರೆ, ಹೆಚ್ಚು ಪಾಠ, ಉತ್ತರಿಸಲು ಹೆಚ್ಚು ಅವಕಾಶ, ತಪ್ಪಿದಾಗ ಹೆಚ್ಚು ತಾಳ್ಮೆಯ ತಿದ್ದುಪಡಿ.

ಇದರಿಂದ ತಿಳಿಯುವುದೇನು? ನಿರೀಕ್ಷೆಯು ಮೊದಲು ಬದಲಾಯಿಸಬೇಕಾದದ್ದು ಇಡುವವನನ್ನೇ. ನೆರೆಮನೆಯ ಹುಡುಗನು ತೊಂಬತ್ತೈದು ಅಂಕ ಪಡೆದನು, ನೀನೂ ಪಡೆಯಬೇಕು ಎಂದು ಹೇಳಿ ದೂರದರ್ಶನದ ಮುಂದೆ ಕೂರುವ ತಂದೆಯು ನಿರೀಕ್ಷೆಯನ್ನು ಇಟ್ಟಿಲ್ಲ, ಹೊರೆಯನ್ನು ಹೊರಿಸಿದ್ದಾನೆ. ಪಕ್ಕದಲ್ಲಿ ಕುಳಿತು, ಮಗುವು ಹತ್ತು ಯೋಜನದ್ದೋ ಐವತ್ತು ಯೋಜನದ್ದೋ ಎಂದು ಪ್ರೀತಿಯಿಂದ ತಿಳಿದುಕೊಂಡು, ಇಂದಿಗಿಂತ ನಾಳೆ ಒಂದು ಯೋಜನ ಹೆಚ್ಚಾಗಲೆಂದು ಜೊತೆಗೂಡಿ ದುಡಿಯುವ ತಾಯಿಯು ಜಾಂಬವಂತನ ದಾರಿಯಲ್ಲಿದ್ದಾಳೆ. ಜೀವಜೀವರಲ್ಲಿ ಭೇದವಿದೆ, ತಾರತಮ್ಯವಿದೆ ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಒಬ್ಬರಂತೆ ಇನ್ನೊಬ್ಬರಿಲ್ಲವೆಂದು ಒಪ್ಪಿದವರು ಮಕ್ಕಳನ್ನೆಲ್ಲ ಒಂದೇ ಕೋಲಿನಿಂದ ಅಳೆಯುವುದು ಹೇಗೆ ಸರಿಯಾದೀತು? ಗಜನು ಹತ್ತು ಯೋಜನದವನೆಂದು ಯಾರೂ ಅವನನ್ನು ಸೇನೆಯಿಂದ ಹೊರಗಿಡಲಿಲ್ಲ. ಸೇತುವೆ ಕಟ್ಟುವಾಗ ಕಲ್ಲು ಹೊರಲು ಎಲ್ಲರೂ ಬೇಕಾದರು.

ಐದನೆಯ ಕಾರಣ

ಕೊನೆಯದಾಗಿ ಸಿದ್ಧಾಂತದ ಒಂದು ಮಾತು. ‘ನಾನು ನೆನೆದದ್ದೆಲ್ಲ ಆಗುತ್ತದೆ’ ಎಂಬ ಇಂದಿನ ಬೋಧೆಗೂ ಮಾಧ್ವಮತಕ್ಕೂ ಹೊಂದಿಕೆಯಿಲ್ಲ. ಸ್ವತಂತ್ರನು ಶ್ರೀಹರಿಯೊಬ್ಬನೇ. ಜೀವನು ಅವನ ಅಧೀನ. ಹಾಗೆಂದು ಜೀವನು ಕೈಕಟ್ಟಿ ಕುಳಿತುಕೊಳ್ಳಬೇಕೆಂದಲ್ಲ. ಭಗವಂತನ ಅಧೀನವಾದ ಕರ್ತೃತ್ವವು ಅವನಿಗೂ ಇದೆ. ಆದುದರಿಂದಲೇ ವಿಧಿನಿಷೇಧಗಳಿಗೆ ಅರ್ಥವಿದೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಕಾರ್ಯಸಿದ್ಧಿಗೆ ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ, ಕರ್ತೃ, ಬಗೆಬಗೆಯ ಕರಣಗಳು, ವಿವಿಧ ಚೇಷ್ಟೆಗಳು, ಐದನೆಯದಾಗಿ ದೈವ. ಲೌಕಿಕ ದೃಷ್ಟಾಂತವಾಗಿ ಹೇಳುವುದಾದರೆ, ಕೆಲಸಕ್ಕೆ ನೆಲೆ ಬೇಕು, ಮಾಡುವವನು ಬೇಕು, ಸಲಕರಣೆ ಬೇಕು, ದುಡಿಮೆ ಬೇಕು. ಇವೆಲ್ಲವೂ ಇದ್ದು ದೈವಾನುಗ್ರಹವೂ ಬೇಕು. ಐದನೆಯದನ್ನು ಮರೆತವನು ಗೆದ್ದಾಗ ಅಹಂಕಾರಿಯಾಗುತ್ತಾನೆ, ಸೋತಾಗ ಕುಸಿಯುತ್ತಾನೆ. ಮೊದಲ ನಾಲ್ಕನ್ನು ಬಿಟ್ಟವನು ದೇವರ ಹೆಸರಿನಲ್ಲಿ ಸೋಮಾರಿಯಾಗುತ್ತಾನೆ.

ಸಮುದ್ರವನ್ನು ದಾಟಿ, ಲಂಕೆಯನ್ನು ದಹಿಸಿ, ಚೂಡಾಮಣಿಯನ್ನು ತಂದ ಹನುಮಂತನು ಶ್ರೀರಾಮನ ಮುಂದೆ ಮೊದಲು ತಿಳಿಸಿದ್ದು ತಾನು ಹಾರಿದ ದೂರವನ್ನಲ್ಲ. ಸೀತಾದೇವಿಯ ದರ್ಶನವಾದ ವಾರ್ತೆಯನ್ನು. ಹೊರಡುವ ಮುನ್ನ ಮೌನವಾಗಿದ್ದವನು ಮರಳಿದ ಮೇಲೆಯೂ ವಿನೀತನಾಗಿಯೇ ಉಳಿದನು. ಆದಿಯಲ್ಲಿ ವಿನಯ, ಮಧ್ಯದಲ್ಲಿ ಏಕಾಗ್ರತೆ, ಅಂತ್ಯದಲ್ಲಿ ಸಮರ್ಪಣೆ. ಇದಕ್ಕಿಂತ ಮಿಗಿಲಾದ ನಾಯಕತ್ವದ ಪಾಠವು ಬೇರೊಂದಿಲ್ಲ.

ಇಂದು ಸಭೆಯಿಂದ ಮನೆಗೆ ಮರಳಿದಾಗ ಪ್ರತಿಯೊಬ್ಬರೂ ಒಂದು ಪ್ರಶ್ನೆಯನ್ನು ತಮ್ಮಷ್ಟಕ್ಕೆ ಕೇಳಿಕೊಂಡರೆ ಸಾಕು: ಮಗನ ಮೇಲೆ, ಸೊಸೆಯ ಮೇಲೆ, ಕೈಕೆಳಗಿನವರ ಮೇಲೆ ಇಟ್ಟಿರುವ ನಿರೀಕ್ಷೆಗಾಗಿ ತಾವು ಎಷ್ಟು ಹೊತ್ತು ಒಂಟಿಕಾಲಿನಲ್ಲಿ ನಿಂತಿದ್ದೇವೆ? ಅದಕ್ಕೆ ಪ್ರಾಮಾಣಿಕವಾದ ಉತ್ತರ ದೊರೆತ ದಿನ ಭರವಸೆಯು ಬಲವಾಗುತ್ತದೆ. ಅಂತಹ ವಿವೇಕವನ್ನು ಶ್ರೀಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣನು ಎಲ್ಲರಿಗೂ ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥